ಚಿಲಕವಿಲ್ಲದ ಬಾಗಿಲಿನ ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಜಧಾನಿಯ ದೊಡ್ಡ ರೈಲು ನಿಲ್ದಾಣದ ಹಿಂಬದಿಯ ಸ್ನಾನಗೃಹದಲ್ಲಿ ‘ಬಿಸಿನೀರಕ್ಕ’ ಗಂಡಸರ ಸಾಲಿನ ಕೊನೆಯ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಾರೆ. ಹೆಗಲ ಮೇಲೆ ಒಣ ಟವೆಲು. ಒಳಗೆ ನೀರು ಸುರಿಯುವ ಸದ್ದು. ಮೆಟ್ಟಿಲ ಬಳಿ ಬಡಗಿ ತನ್ನ ಚೀಲ ಇಳಿಸುತ್ತಿದ್ದಾನೆ. ಈ ಬಾಗಿಲಿಗೂ ಹೆಂಗಸರ ಸಾಲಿನ ಕೊನೆಯ ಬಾಗಿಲಿಗೂ ಒಳಚಿಲಕ ಹಾಕಿಸಲು ಮೇಲ್ವಿಚಾರಕರು ಅವನನ್ನು ಕರೆಸಿದ್ದಾರೆ. ಅಕ್ಕನಿಗೆ ನಿನ್ನೆಯಿಂದ ಊಟ ಸೇರಿಲ್ಲ.

ಕೈ ಬಿಗಿ ಹಿಡಿದು ರಾಜಧಾನಿಗೆ ಬರುವವರಿಗೆ ಲಾಡ್ಜು ದೂರದ ಮಾತು. ರಾತ್ರಿ ರೈಲಿನಲ್ಲಿ ಕುಳಿತೇ ಬರುತ್ತಾರೆ. ಇಲ್ಲಿ ಮಿಂದು, ಮಡಿಸಿ ತಂದ ಬಟ್ಟೆ ತೊಟ್ಟು, ಕಚೇರಿಗೋ ಆಸ್ಪತ್ರೆಗೋ ಅರಮನೆ ನೋಡಲಿಕ್ಕೋ ಹೋಗಿ, ಮತ್ತೆ ರಾತ್ರಿ ರೈಲನ್ನೇ ಹಿಡಿಯುತ್ತಾರೆ. ದಿನಕ್ಕೆ ಇನ್ನೂರು ಜನಕ್ಕೆ ಕಡಿಮೆಯಿಲ್ಲ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಾಲು; ಕಾವಲಿಗೆ ಮಾತ್ರ ಅಕ್ಕ ಒಬ್ಬರೇ.

ಖರ್ಚು ಉಳಿಸಲು ಹೀಗೆ ಬಂದವರಲ್ಲಿ ಬಹಳ ಜನ ರಾತ್ರಿಯ ಊಟವನ್ನೇ ಬಿಟ್ಟಿರುತ್ತಾರೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಸುಡುಸುಡು ನೀರನ್ನು ತಲೆಗೆ ಹೊಯ್ದುಕೊಳ್ಳುತ್ತಾರೆ. “ಹೇಗೂ ದುಡ್ಡು ಕೊಟ್ಟಾಯ್ತು, ಟ್ಯಾಂಕಿ ಖಾಲಿ ಮಾಡಿಯೇ ಹೋಗೋಣ ಅಂತಾರೆ. ಕಣ್ಣು ಕತ್ತಲೆ ಬಂದಾಗ ಗೊತ್ತಾಗುತ್ತೆ,” ಎನ್ನುತ್ತಾರೆ ಅಕ್ಕ.

ಗಂಡನಿಗೆ ಬೆನ್ನುನೋವು ಬಂದು ದುಡಿಮೆ ನಿಂತ ಮೇಲೆ ಅವರು ಈ ಕೆಲಸಕ್ಕೆ ಸೇರಿದವರು. ಸೇರಿದ ವರ್ಷವೇ ಒಬ್ಬ ತಾಯಿ ಹೆಂಗಸರ ಸಾಲಿನ ಕೊನೆಯ ಕೋಣೆಯಲ್ಲಿ ಕುಸಿದಳು. ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲು ಒಡೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾರನೆಯ ದಿನ ಅಕ್ಕ ಎರಡೂ ಸಾಲಿನ ಕೊನೆಯ ಬಾಗಿಲುಗಳ ಚಿಲಕವನ್ನು ತಾವೇ ಕಿತ್ತರು. ಮುಚ್ಚಿದ ಬಾಗಿಲಿನಾಚೆಯ ಮೌನ ಎಂಥದೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದಿನಿಂದ ಒಂಟಿಯಾಗಿ ಬಂದ ವಯಸ್ಸಾದವರಿಗೆ ಕೊನೆಯ ಕೋಣೆ. ಹೊರಗೆ ಅಕ್ಕನೇ ಚಿಲಕ. ಒಳಗಿದ್ದವರು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಎರಡು ಸಲ ಕೂಗುತ್ತಾರೆ. ಉತ್ತರ ಬಾರದಿದ್ದರೆ ಮೊದಲು ಟವೆಲು ಒಳಗೆಸೆದು, ಮುಖ ತಿರುಗಿಸಿ, ಬಾಗಿಲು ತಳ್ಳುತ್ತಾರೆ. ಹೋದ ತಿಂಗಳು ಹಾಗೆ ತಳ್ಳಿದ್ದಕ್ಕೇ ಒಬ್ಬರು ದೂರು ಕೊಟ್ಟರು. “ಆ ಯಜಮಾನರು ಬಾಯಿ ತುಂಬ ಪೇಸ್ಟು ಇಟ್ಕೊಂಡಿದ್ರು. ಹೂಂ ಅನ್ನೋಕೂ ಆಗ್ಲಿಲ್ಲ ಪಾಪ. ನಾನು ನುಗ್ಗಿದೆ, ಅವ್ರು ಬ್ರಷ್ಷೇ ಕತ್ತಿ ಥರ ಹಿಡ್ಕೊಂಡು ನಿಂತಿದ್ರು.” ನಗಲು ಹೋಗಿ ಅಕ್ಕ ಬಡಗಿಯ ಕಡೆ ನೋಡುತ್ತಾರೆ.

ಈಗ ಒಳಗಿರುವವರು ಒಬ್ಬ ಅಜ್ಜ. ದೊಡ್ಡಾಸ್ಪತ್ರೆಯಲ್ಲಿ ತಂಗಿಗೆ ಇವತ್ತು ಶಸ್ತ್ರಚಿಕಿತ್ಸೆ. ಆಕೆಯನ್ನು ಒಳಗೆ ಕರೆದೊಯ್ಯುವ ಮೊದಲು ಮುಖ ತೋರಿಸಬೇಕೆಂದು ಬಂದವರು. ಏನು ಮಾತಾಡಲಿ ಎಂದು ಸಂಕೋಚಪಟ್ಟರು. ತಂಗಿ ಚಿಕ್ಕವಳಿದ್ದಾಗಿನ ಚೇಷ್ಟೆ ಹೇಳಿ ಎಂದು ಅಕ್ಕ ದಾರಿ ತೋರಿಸಿದರು. ಶಾಲೆಗೆ ಹೋಗಲೊಲ್ಲದೆ ತಂಗಿ ಖಾಲಿ ಪೆಟ್ಟಿಗೆಯೊಳಗೆ ಅಡಗಿದ್ದಳಂತೆ, ಮನೆಯವರೆಲ್ಲ ಹುಡುಕಿದರಂತೆ. ಕೊನೆಗೆ ಪೆಟ್ಟಿಗೆಯ ಮುಚ್ಚಳ...

ಮಾತು ಅಲ್ಲಿಗೆ ನಿಲ್ಲುತ್ತದೆ. ನೀರು ಮಾತ್ರ ಸುರಿಯುತ್ತಿದೆ.

“ಅಜ್ಜಾ... ಮುಚ್ಚಳ ಏನಾಯ್ತು? ಅಜ್ಜಾ?”

ಟವೆಲು ಒಳಗೆ ಬೀಳುತ್ತದೆ. ಬಾಗಿಲು ತೆರೆಯುತ್ತದೆ. ಅಜ್ಜ ಗೋಡೆಗೊರಗಿ ಕುಸಿದಿದ್ದಾರೆ, ತುಟಿ ಬಿಳಿಚಿದೆ. ಅಕ್ಕ ನಲ್ಲಿ ನಿಲ್ಲಿಸಿ ಬಡಗಿಯನ್ನು ಕೂಗುತ್ತಾರೆ. ಇಬ್ಬರೂ ಸೇರಿ ಅವರನ್ನು ಹೊರತಂದು ಬೆಂಚಿನ ಮೇಲೆ ಮಲಗಿಸಿ, ಕಾಲು ಎತ್ತಿ ಹಿಡಿಯುತ್ತಾರೆ. ದೇವರ ದಯೆ, ಅಜ್ಜ ಕಣ್ಣು ಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಎದ್ದು ಕುಳಿತು ಸಕ್ಕರೆ ಹಾಕಿದ ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಾರೆ. ನಿನ್ನೆ ಮಧ್ಯಾಹ್ನದಿಂದ ಅದೇ ಮೊದಲ ತುತ್ತು.

ಅಷ್ಟರಲ್ಲಿ ಬಂದ ಮೇಲ್ವಿಚಾರಕರು ಎಲ್ಲವನ್ನೂ ಕೇಳಿಸಿಕೊಂಡು ಅಜ್ಜನ ಎದುರು ಕೂರುತ್ತಾರೆ. ಬಾಗಿಲಿಗೆ ಚಿಲಕ ಇದ್ದಿದ್ದರೆ ಹಾಕಿಕೊಳ್ಳುತ್ತಿದ್ದಿರಾ ಎಂದು ವಿಚಾರಿಸುತ್ತಾರೆ.

“ಹಾಕ್ಕೊಳ್ತಿದ್ದೆ ಸ್ವಾಮಿ. ನಾಚಿಕೆ ಅಲ್ವಾ,” ಎನ್ನುತ್ತಾರೆ ಅಜ್ಜ. ಚಹಾದ ಲೋಟ ಕೆಳಗಿಟ್ಟು, “ಹಾಕ್ಕೊಂಡಿದ್ರೆ ನನ್ನ ತಂಗಿ ಇವತ್ತು ಯಾರ ದಾರಿ ನೋಡ್ಬೇಕಿತ್ತು?”

ಮೇಲ್ವಿಚಾರಕರು ಎದ್ದು ಅಕ್ಕನ ಬಳಿ ಬರುತ್ತಾರೆ. ದೂರು ಮೇಲಿನ ಕಚೇರಿಗೆ ಹೋಗಿದೆ, ತಮ್ಮ ಕೈ ಕಟ್ಟಿದೆ ಎಂದು ಅಕ್ಕನಿಗೆ ಮೆಲ್ಲಗೆ ಹೇಳುತ್ತಾರೆ. ಆಮೇಲೆ ಬಡಗಿಗೆ, ಮೊದಲು ಬೇರೆ ಬಾಗಿಲುಗಳ ಸಡಿಲ ತಿರುಪು ಬಿಗಿ ಮಾಡು, ಕೊನೆಯ ಈ ಎರಡು ಬಾಗಿಲುಗಳನ್ನು ನಾನು ಹೇಳುವವರೆಗೆ ಮುಟ್ಟಬೇಡ ಎನ್ನುತ್ತಾರೆ. ನಾಳೆ ಹೇಳುತ್ತಾರೋ, ಮುಂದಿನ ವಾರವೋ, ಯಾರಿಗೂ ತಿಳಿಯದು.

ಅಜ್ಜ ಆಸ್ಪತ್ರೆಯ ಬಸ್ಸಿಗೆ ಹೊರಡುತ್ತಾರೆ. ಅವರು ರಸ್ತೆ ದಾಟುವವರೆಗೂ ಅಕ್ಕ ಮೆಟ್ಟಿಲ ಮೇಲೇ ನಿಂತಿರುತ್ತಾರೆ. ಕೆಲಸ ಹೋದರೆ ಎಂಬ ಭಯ ಇಲ್ಲವೇ ಎಂದರೆ, ಇದೆ ಎಂದು ಒಪ್ಪಿಕೊಳ್ಳುತ್ತಾರೆ.

“ಈ ಊರಿಗೆ ಬಂದವ್ರು ಏನೇನೋ ನೋಡ್ಕೊಂಡು ಹೋಗ್ತಾರೆ. ನಾನು ನೋಡೋದು ಇಷ್ಟೇ, ಮೆಟ್ಟಿಲು ಹತ್ತಿ ಬಂದವ್ರು ತಮ್ಮ ಕಾಲ ಮೇಲೆ ಮೆಟ್ಟಿಲು ಇಳಿದ್ರಾ ಅಂತ. ಇವತ್ತು ಅಜ್ಜ ಇಳಿದ್ರು.”