ಜಾಗೀರ್ದಾರರ ಷೆಡ್ಡಿನ ಗೋಡೆ

ಗದ್ವಾಲದ ಸ್ಟೇಷನ್ ರಸ್ತೆಯ ಆ ಮೋಟಾರು ಷೆಡ್ಡನ್ನು ನಾನು ಕೊಂಡು, ನನ್ನ ಲಾರಿ ಒಳಗೆ ನಿಲ್ಲಿಸಿದ ಮೇಲೂ ಊರವರು ಅದನ್ನು ಜಾಗೀರ್ದಾರರ ಷೆಡ್ಡು ಎಂದೇ ಕರೆಯುತ್ತಿದ್ದರು. ನಾನೂ ಅವರ ಬಾಯಲ್ಲಿ ಇನ್ನೂ ಜಾಗೀರ್ದಾರರ ಡ್ರೈವರೇ. ಜಾಗೀರ್ದಾರರು ಸತ್ತು, ಅವರ ಕಾರು ಗುಜರಿಗೆ ಹೋಗಿ, ಮಕ್ಕಳು ಹೈದರಾಬಾದು ಸೇರಿದ್ದರು. ಈ ಜನರ ಲೆಕ್ಕದಲ್ಲಿ ನಾನು ಮಾತ್ರ ಇನ್ನೂ ಅವರ ಚಾಕರಿಯಲ್ಲಿದ್ದೆ! ಶೇಂಗಾ ಸುಗ್ಗಿಗೆ ಮೊದಲು ರಸ್ತೆ ಕಡೆಯ ಗೋಡೆಯ ಮೇಲೆ ನನ್ನ ಹೆಸರು ಬರೆಸಬೇಕು, ಉರ್ದು, ತೆಲುಗು, ಕನ್ನಡ ಮೂರರಲ್ಲೂ. ಅದೊಂದೇ ಹಟ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅಕ್ಷರದ ಹುಚ್ಚು ನೋಡಿ ಎಂದು ನಕ್ಕವರಿದ್ದರು. ನಕ್ಕವರಲ್ಲಿ ಓದಲು ಬರುತ್ತಿದ್ದವರು ಕಡಿಮೆ.

ಗೋಡೆಯೋ, ಸಿಡುಬಿನ ಮುಖ. ಜಾಗೀರ್ದಾರರು ಯಾವುದೋ ದೊರೆಯ ಬಂಗಲೆ ನೋಡಿ ಬಂದು, ಸುಣ್ಣದ ಗಾರೆಯಲ್ಲಿ ಹರಳು ಕಲಸಿ ಎರಚಿಸಿದ್ದರು. ಅದರ ಮೇಲೆ ಒಂದು ಗೆರೆಯೂ ನೆಟ್ಟಗೆ ನಿಲ್ಲದು. ಮೇಲೆ ಹೊಸ ಗಾರೆ ಬಳಿಸಿ ನುಣ್ಣಗೆ ಗಿಲಾವು ಮಾಡಿಸಲೇಬೇಕಿತ್ತು.

ನನ್ನ ಹೆಂಡತಿಯ ಅಣ್ಣ ರಾಯಚೂರಿನಿಂದ ಗಾರೆ ಕೆಲಸದ ಒಬ್ಬ ಗೌಂಡಿಯನ್ನು ಕರೆತಂದ. ಈ ನಮ್ಮ ಭಾವನಿಗೆ ಐಜದ ಕಡೆ ಹೊಲವಿತ್ತು. ಹೊಲಕ್ಕೆ ಕಾಲಿಟ್ಟು ಗೊತ್ತಿರಲಿಲ್ಲ. ಗೌಂಡಿಗೆ ಜರತಾರಿ ಅಂಚಿನ ರುಮಾಲು. ಗಾರೆ ಬಳಿಯುವ ಕರಣಿಗಿಂತ ರುಮಾಲೇ ಹೆಚ್ಚು ಹೊಳೆಯುತ್ತಿತ್ತು.

"ಹಳೇ ಗಾರಿ ಕೆತ್ತಿ ತೆಗೀರಿ. ಆಮೇಲೆ ಗೋಡಿ ತೊಳೀರಿ" ಎಂದೆ.

ಅವನು ಎಲೆ ಉಗುಳಿ ನಕ್ಕ. "ಏ ಡ್ರೈವರಪ್ಪ, ನೀ ನಿನ್ನ ಬ್ರೇಕ್ ನೋಡ್ಕೋ, ಗೋಡಿ ನನಗ ಬಿಡು. ಒರಟ ಇದ್ದಷ್ಟು ಗಿಲಾವು ಬಿಗಿ ಹಿಡೀತೈತಿ."

"ದೊಡ್ಡ ದೊಡ್ಡ ಮಂದಿ ವಾಡೆ ಕಟ್ಯಾರ ಇವರು," ಎಂದು ಭಾವ ನನಗೇ ಬುದ್ಧಿ ಹೇಳಿದ. "ನೀ ಏನು ಕಟ್ಟೀಯೋ?"

ನನಗೆ ಕರ್ನೂಲಿಗೆ ಬಾಡಿಗೆ ಇತ್ತು. ಕೆಲಸ ಇದ್ದವನು ಗೋಡೆ ಕಾಯುತ್ತ ಕೂರುತ್ತಾನೆಯೇ? ಹೋದೆ. ತಿರುಗಿ ಬಂದಾಗ ಗೋಡೆ ಮದುಮಗನ ಹಾಗೆ ಬೆಳ್ಳಗೆ ನಿಂತಿತ್ತು. ಭಾವ ಬೇವಿನ ನೆರಳಲ್ಲಿ ಮಲಗಿದ್ದ, ಉಸ್ತುವಾರಿಯ ದಣಿವು. ಗೌಂಡಿ ಊರು ಬಿಟ್ಟಾಗಿತ್ತು.

ಎಂಜಿನ್ನಿಗೆ ಕಿವಿ ಕೊಟ್ಟು ಬದುಕಿದವನು ನಾನು. ಲಾರಿಯ ನಟ್ಟು ಬಿಚ್ಚುವ ಪಾನಾ ತೆಗೆದು ಗೋಡೆಗೆ ತಟ್ಟಿದೆ. ಮೇಲಿನ ಭಾಗ ಗಟ್ಟಿ ಸದ್ದು ಕೊಟ್ಟಿತು. ಸೊಂಟದಿಂದ ಕೆಳಗೆ ಬರೀ ಡೊಳ್ಳು. ಅಂಚಿಗೆ ಪಾನಾ ತೂರಿಸಿ ಎಳೆದೆ; ಗಿಲಾವು ಹಪ್ಪಳದಂತೆ ಕಿತ್ತು ಬಂತು. ಹಿಂದಿನ ಹರಳುಗಳು ಕರ್ರಗೆ ಮಿರಿಮಿರಿ ಮಿನುಗುತ್ತಿದ್ದವು, ನಡುನಡುವೆ ಉಣ್ಣೆಯ ಎಳೆ.

ಸಂತೆಗೆ ಕುರಿ ಹೊಡೆದುಕೊಂಡು ಹೊರಟಿದ್ದ ಮುದುಕಿಯೊಬ್ಬಳು ನಿಂತು ಬಾಯಿಗೆ ಸೆರಗು ಹಿಡಿದಳು. "ಯಪ್ಪಾ, ಇದು ನಮ್ಮ ಕುರಿ ಮೈ ತಿಕ್ಕೋ ಗೋಡಿ. ಎಷ್ಟು ವರ್ಷದ ಜಿಡ್ಡೋ ಏನೋ! ಬೆಣ್ಣಿ ಮ್ಯಾಲೆ ರೊಟ್ಟಿ ತಟ್ಟಿದ್ರ ನಿಂದರ್ತದೇನು?"

ಗಿಲಾವು ಬಿಟ್ಟಿದ್ದು ಸರಿಯಾಗಿ ಕುರಿಯ ಬೆನ್ನೆತ್ತರಕ್ಕೆ. ಬೆರಳು ಆಡಿಸಿದ್ದರೆ ಯಾವ ದಡ್ಡನಿಗೂ ತಿಳಿಯುತ್ತಿತ್ತು. ಆದರೆ ರುಮಾಲಿನವರು ಬೆರಳು ಕೊಳೆ ಮಾಡಿಕೊಳ್ಳುವುದಿಲ್ಲ.

"ಕುರಿ ಜಿಡ್ಡು ಯಾರಿಗೆ ಗೊತ್ತಿರ್ತದೋ?" ಎಂದ ಭಾವ, ಕಣ್ಣುಜ್ಜುತ್ತ.

"ಕುರಿಗೆ ಗೊತ್ತಿತ್ತು ನೋಡು ಭಾವ" ಎಂದೆ. ಅಂದು ಅವನು ಉಣ್ಣದೆ ಹೊರಟುಹೋದ. ಹೆಂಡತಿ ನನ್ನೊಂದಿಗೆ ಮಾತು ಬಿಟ್ಟಳು. ಕೆಲಸಕ್ಕೆ ಅನುಕೂಲವೇ ಆಯಿತು.

ಬೇರೆ ಗೌಂಡಿಯನ್ನು ಕರೆಯಲಿಲ್ಲ. ಕೆಳಗಿನ ಹರಳೆಲ್ಲ ಉಳಿ ಹಾಕಿ ನಾನೇ ಕೆತ್ತಿದೆ. ಬಿಸಿನೀರು, ಸವಳು ಮಣ್ಣು ಹಾಕಿ ಅಗಸರು ಬಟ್ಟೆ ಉಜ್ಜುವಂತೆ ಉಜ್ಜಿದೆ. ನೀರು ಜಾರದೆ ಒಳಗೆ ಹೀರತೊಡಗಿದ ಮೇಲೆ ಗಾರೆ ಹಚ್ಚಿದೆ. ಹಗಲು ಲಾರಿ, ಬೆಳಿಗ್ಗೆ ಸಂಜೆ ಗೋಡೆ. ನೋಡಿ ನಗುವವರಿಗೆ ಬೇರೆ ಕೆಲಸವಿರಲಿಲ್ಲ, ನಗಲಿ ಎಂದು ಬಿಟ್ಟೆ. ಕೊನೆಗೆ ಹೆಸರು ಏರಿತು, ಮೊಳದುದ್ದದ ಅಕ್ಷರಗಳಲ್ಲಿ.

ಸುಗ್ಗಿ ಶುರುವಾದಾಗ ಶೇಂಗಾ ಸಾಹುಕಾರರ ಗುಮಾಸ್ತ ಬಂದ. ಅದೇ ಗೋಡೆಗೆ ಸೈಕಲ್ ಒರಗಿಸಿ, "ಜಾಗೀರ್ದಾರರ ಡ್ರೈವರ್ ಅದಾರೇನ್ರೀ? ಲಾರಿ ಬೇಕಿತ್ತು" ಎಂದ.

"ಅಂಥವರು ಯಾರೂ ಇಲ್ಲಿಲ್ಲ."

"ನೀವ ಅಲ್ಲೇನ್ರೀ?"

"ಸಾಲಿ ಕಲ್ತೀರಲ್ಲ, ಗೋಡಿ ಓದ್ರಿ."

ಅವನು ಸೈಕಲ್ ತೆಗೆದು, ರಸ್ತೆಯ ಆಚೆ ಬದಿಗೆ ಹೋಗಿ, ತಲೆಯೆತ್ತಿ ಉರ್ದುವಿನಲ್ಲಿ ಓದಿದ. ಕನ್ನಡದ್ದನ್ನೂ ಓದಲು ಹೇಳಿದೆ. ಓದಿದ. ಆಮೇಲೆ ಲಾರಿಯ ಕೀಲಿ ತೆಗೆದುಕೊಂಡೆ.