ಮೇಲಿನಿಂದ ಇಳಿದು ಬರುತ್ತಿದ್ದ ಹೆಸರು

ಅಕ್ಕನಿಗೆ ಗೊತ್ತುಮಾಡಿದ್ದ ಗಂಡು ಹಡಗಿನಲ್ಲಿ ಎಂಜಿನಿಯರ್. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜಪಾನಿನ ಯಾವುದೋ ಬಂದರಿನಲ್ಲಿ, ತನ್ನ ಅಣ್ಣನ ಮಗನಿಗೆಂದು, ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಒಂದನ್ನು ಕೊಂಡಿದ್ದ. ನಿಶ್ಚಯಕ್ಕೆ ನಮ್ಮೂರು ಆದೋನಿಗೆ ಬಂದಾಗ ಅದನ್ನು ಅಕ್ಕನ ಕೈಗಿಟ್ಟು, "ದಸರಾಕ್ಕ ನಮ್ಮವ್ವ ಬನ್ನಿ ಕೊಡಾಕ ಬರ್ತಾಳ, ಆಗ ಒಯ್ತಾಳ. ಅಲ್ಲಿತನಕ ನೀವು ಆಡ್ರಿ" ಎಂದು ಹೇಳಿ ಹಡಗಿಗೆ ಹೋದ.

ಆಡಲು ನಮಗೆ ಬಂದರೆ ತಾನೆ! ನಾವು ನೋಡುತ್ತಿದ್ದದ್ದು ಆಟಕ್ಕೆ ಮೊದಲು ಬರುವ ಕಂಪನಿಯ ಹೆಸರನ್ನು. ಗುಂಡಿ ಒತ್ತಿದರೆ ಹಸಿರು ಪರದೆಯ ತುದಿಯಿಂದ ಆ ಇಂಗ್ಲಿಷ್ ಅಕ್ಷರಗಳು ಮೆಲ್ಲಗೆ ಇಳಿದು ಬರುತ್ತಿದ್ದವು. ನಟ್ಟನಡುವೆ ಬಂದು ನಿಂತು ಟಿಣ್ ಎನ್ನುತ್ತಿದ್ದವು. ಕೊನೆಯ ಅಕ್ಷರದ ಭುಜದ ಮೇಲೆ ಒಂದು ಸಣ್ಣ ಸುತ್ತು. ಅವ್ವ ಅದನ್ನು ಕಾಗದದ ತಲೆಗೆ ಬರೆಯುವ ಶ್ರೀಕಾರವೆಂದೇ ತಿಳಿದಿದ್ದಳು. ಅಪ್ಪ ಮಿಲ್ಲಿನಿಂದ ಬಂದು ಕೈಕಾಲು ತೊಳೆದು, "ಎಲ್ಲಿ, ಇಳಸು ಅದನ್ನ" ಎನ್ನುತ್ತಿದ್ದರು. ಟಿಣ್ ಎಂದ ಮೇಲೆ "ಸಾಕು, ಆರಸು." ಆ ಹೆಸರು ಸರಿಯಾಗಿ ಇಳಿದರೆ ಮಾತ್ರ ಯಂತ್ರ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ ಎಂದು ಗಂಡು ಹೇಳಿ ಹೋಗಿದ್ದ.

ಅಕ್ಕನಿಗೆ ಇದು ಎರಡನೆಯ ಸಂಬಂಧ. ಮೊದಲನೆಯವರು ನೋಡಿ ಒಪ್ಪಿ ಹೋದ ಮರುದಿನ ಅವರ ಮನೆಯ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದ. ಮುದುಕ ಜಾರಿದರೆ ನೆಲ ಒದ್ದೆಯಿತ್ತು ಅನ್ನಬೇಕೋ ಬೇಡವೋ? ಅವರು ಹುಡುಗಿಯ ಕಾಲ್ಗುಣ ಎಂದರು. ಸಂಬಂಧ ಮುರಿಯಿತು. ಆ ಮಾತು ಹೊಳಗುಂದದ ನಮ್ಮ ಬಂಧುಗಳವರೆಗೂ ಹೋಯಿತು. ಇನ್ನೊಮ್ಮೆ ಹಾಗಾದರೆ ಅಕ್ಕನ ಮದುವೆಯ ಆಸೆ ಬಿಟ್ಟುಬಿಡಬೇಕಿತ್ತು, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಯುಧಪೂಜೆಯ ದಿನ ಅಪ್ಪ ಎಂದಿನಂತೆ ಈಳಿಗೆ, ಸೈಕಲ್ಲು, ಅವ್ವನ ಹೊಲಿಗೆ ಯಂತ್ರ, ನನ್ನ ಕಾಲೇಜಿನ ಪೆನ್ನು ಎಲ್ಲವನ್ನೂ ಪೂಜೆಗೆ ಇಟ್ಟರು. ಬೀಗರ ಯಂತ್ರವನ್ನು ಬಿಡಲಾದೀತೇ? ಅದಕ್ಕೇ ಮೊದಲ ಸ್ಥಾನ. ಬೆನ್ನಿನಲ್ಲಿ ಸಿಕ್ಕಿಸುವ ಆಟದ ಬಿಲ್ಲೆಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಎರಡಕ್ಕೂ ಬೇರೆ ಬೇರೆಯಾಗಿ ಕುಂಕುಮ ಹಚ್ಚಿ ಹಿಡಿ ತುಂಬ ಅಕ್ಷತೆ ಹಾಕಿದರು. ಪೂಜೆಗೆ ಕೂತದ್ದನ್ನು ಮರುದಿನದವರೆಗೆ ಕದಲಿಸುವಂತಿಲ್ಲ. ಮರುದಿನ ವಿಜಯದಶಮಿ. ಅಪ್ಪನೇ ಎಲ್ಲ ತೆಗೆದರು, ಬಿಲ್ಲೆಯನ್ನು ಸಿಕ್ಕಿಸಿದರು. ನಾನು ಗುಂಡಿ ಒತ್ತಿದೆ.

ಹೆಸರಿಲ್ಲ. ಅಕ್ಷರಗಳ ಜಾಗದಲ್ಲಿ ಒಂದು ಕಪ್ಪು ಪಟ್ಟಿ ಇಳಿದು ಬಂದು ನಡುವೆ ನಿಂತಿತು.

ಇನ್ನೊಮ್ಮೆ ಒತ್ತಿದೆ, ಅದೇ ಪಟ್ಟಿ. ಅಪ್ಪ "ಬ್ಯಾಟರಿ ಮುಗಿದಿರಬೇಕು" ಎಂದು ತಾವೇ ಹೋಗಿ ಹೊಸವು ತಂದು ಹಾಕಿದರು. ಪಟ್ಟಿ ಇನ್ನಷ್ಟು ಕಪ್ಪಗೆ ಕಂಡಿತು. ಬೀಗರು ಸಂಜೆಗೆ ಬರುವವರಿದ್ದರು.

ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ರೇಡಿಯೋ ರಿಪೇರಿಯವನ ಮನೆಗೆ ಓಡಿದೆ. ಆತ ಹೊಸ ಅಂಗಿ ತೊಟ್ಟು ಬನ್ನಿಗಿಡಕ್ಕೆ ಹೊರಟಿದ್ದ. "ಪನಿಮುಟ್ಲು, ಹತಾರ ಎಲ್ಲಾ ಪೂಜಿಗೆ ಕೂತಾವಮ್ಮಾ. ನಮ್ಮಲ್ಲಿ ಇವತ್ತೂ ಸ್ಕ್ರೂಡ್ರೈವರ್ ಮುಟ್ಟಂಗಿಲ್ಲ. ರೇಪು ರಾ" ಎಂದು ತೆಲುಗು ಬೆರೆಸಿ ಹೇಳಿದ. ನಾಳೆ ಬಂದು ಏನು ಮಾಡಲಿ, ತಿಥಿಯೇ? ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮರಳಿದೆ.

ಮನೆಯಲ್ಲಿ ಅಕ್ಕ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಬಿಲ್ಲೆ ಮೊದಲಿನಷ್ಟು ಒಳಕ್ಕೆ ಹೋಗಿರಲಿಲ್ಲ. "ಅಪ್ಪಾ, ನೀವು ಬಿಚ್ಚಿ ಇಟ್ಟಾಗ ಒಳಗ ಅಕ್ಷತಿ ಬಿದ್ದೈತಿ. ತಗೀಲಾ?"

"ಮುಟ್ಟಬ್ಯಾಡ" ಎಂದರು ಅಪ್ಪ. "ಒಳಗ ಇನ್ನೇನಾರ ಮುರದ್ರ ಪೂರಾ ನಿನ್ನ ತಲಿಮ್ಯಾಲ ಬರ್ತೈತಿ. ಬೀಗತಿ ಇಲ್ಲಿ ಹಚ್ಚಿ ನೋಡಾಂಗಿಲ್ಲ. ಸುಮ್ಮನ ಡಬ್ಬ್ಯಾಗ ಹಾಕಿ ಕೊಟ್ಟುಬಿಡೂಣು."

ಅಪ್ಪ ಹೆದರಿದ್ದರು. ಅವರು ಅಷ್ಟು ಹೆದರಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವ್ವ ದೇವರ ಮುಂದೆ ಕೂತವಳು ಏಳಲೇ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಮಂತ್ರಾಲಯದಿಂದ ಬಾಡಿಗೆ ಕಾರಿನಲ್ಲಿ ಗಂಡಿನ ತಾಯಿ ಆತನ ಸೋದರಮಾವನ ಜೊತೆ ಬಂದರು. ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೂಣು" ಎಂದರು. ಫಲಹಾರವಾಯಿತು. ಅಪ್ಪ ಡಬ್ಬಿಯನ್ನು ಮುಂದಿಟ್ಟರು. ಆಕೆ ಅದನ್ನು ಬಿಚ್ಚಿಯೇಬಿಟ್ಟರು.

"ನನ್ನ ಮಗ ಹೇಳ್ಯಾನ, ಹೆಸರು ಇಳೀತೈತಂತಲ್ಲ? ತೋರಿಸ್ರಿ, ನಾನೂ ನೋಡ್ತೀನಿ."

ಆಕೆಯೇ ಗುಂಡಿ ಒತ್ತಿದರು. ಕಪ್ಪು ಪಟ್ಟಿ ಇಳಿದು ಬಂದು ನಿಂತಿತು. ಆಕೆ ಸ್ವಲ್ಪ ಹೊತ್ತು ಕಾದರು. ಮತ್ತೆ ಒತ್ತಿದರು.

"ಹೆಸರೆಲ್ಲೈತಿ?" ಆಕೆ ಯಂತ್ರವನ್ನು ತಿರುಗಿಸಿ ನೋಡಿದರು. "ಇಷ್ಟು ದಿನ ಇದು ಯಾರ ಕೈಯಾಗಿತ್ತು?" ಎಂದು ಕೇಳುತ್ತ ಆಕೆ ನೋಡಿದ್ದು ಅಕ್ಕನನ್ನು.

ನಾನು ಅಪ್ಪನನ್ನು ನೋಡಿದೆ. ಹೇಳಬಾರದೇ, ಒಂದು ಮಾತು! ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಮಡಚುತ್ತಿದ್ದರು. ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಗಂಡಿನ ಸೋದರಮಾವ, "ಹಡಗಿನಿಂದ ಇಲ್ಲಿತನಕ ಚಲೋನ ಇತ್ತು" ಎಂದು ಗೋಡೆಗೆ ಹೇಳಿದ. ಮೊದಲನೆಯ ಬೀಗರು ಹೋಗುವಾಗಲೂ ಇಂಥದೇ ದನಿಯಲ್ಲಿ ಮಾತಾಡಿದ್ದರು.

ಅಕ್ಕ ಎದ್ದು ಬಂದಳು. ಗಂಡಿನ ತಾಯಿಯ ಕೈಯಿಂದ ಯಂತ್ರ ತೆಗೆದುಕೊಂಡು, ಬಿಲ್ಲೆ ಎಳೆದು, ತನ್ನ ಜಡೆಯ ಪಿನ್ನನ್ನು ಬಿಚ್ಚಿ ಒಳಗೆ ಹಾಕಿ ಮೆಲ್ಲಗೆ ಕೆದಕಿದಳು. ಒಂದು ಅಕ್ಷತೆ ಕಾಳು ಉದುರಿತು. ಇನ್ನೊಂದು ಬರಲಿಲ್ಲ. ಪಿನ್ನು ಒಳಗೆ ಜಾರಿದರೆ ಅಲ್ಲಿಗೆ ಮುಗಿಯಿತು. ಕೊನೆಗೆ ಅದೂ ಬಂತು. ಊದಿ, ಸೆರಗಿನಿಂದ ಒರೆಸಿ, ಬಿಲ್ಲೆ ಒತ್ತಿ ಕೂರಿಸಿ ಗುಂಡಿ ಒತ್ತಿದಳು. ಅಕ್ಷರಗಳು ಒಂದೂ ಕೆಡದೆ ಇಳಿದು ಬಂದು ಟಿಣ್ ಎಂದವು.

ಅವ್ವ ಕೈಮುಗಿದಳು. ಗಂಡಿನ ತಾಯಿಯ ಮುಖ ಅರಳಿತು. "ನೋಡ್ರಿ, ಹುಡುಗಿ ಕೈ ಹಚ್ಚಿದ ಕೂಡಲೆ ಬಂತು. ಕೈಗುಣ ಚಲೋ ಐತಿ. ಅಷ್ಟರಾಗ ನನ್ನ ಮನಸಿಗೆ ಏನೇನೋ ಬಂದಿತ್ತು."

"ಏನು ಬಂದಿತ್ರಿ?" ಎಂದಳು ಅಕ್ಕ.

"ಇರ್ಲಿ ಬಿಡವ್ವಾ. ಈಗ ಎಲ್ಲಾ ಚಲೋ ಆತಲ್ಲ."

"ಕಾಳು ಬರದಿದ್ರ ಏನಂತಿದ್ರಿ?"

ಆಕೆ ಡಬ್ಬಿಯ ಮುಚ್ಚಳಕ್ಕೆ ಕೈ ಚಾಚಿದರು. ಅಕ್ಕ ಯಂತ್ರವನ್ನು ಆರಿಸಿ ಡಬ್ಬಿಯಲ್ಲಿಟ್ಟು ಎರಡೂ ಕೈಯಿಂದ ಕೊಟ್ಟಳು. ದನಿ ಏರಿಸಲಿಲ್ಲ. "ನಾಳೆ ನಿಮ್ಮ ಮನ್ಯಾಗ ಹಾಲು ಒಡೀತೈತಿ, ಹಡಗು ತಡ ಆಗ್ತೈತಿ. ಎಷ್ಟು ಸಲಂತ ಪಿನ್ನು ತಗೊಂಡು ಕುಂದರ್ಲಿರಿ? ನನಗ ಈ ಸಂಬಂಧ ಬ್ಯಾಡ."

ಅವ್ವ ಅಕ್ಕನ ಬಾಯಿ ಮುಚ್ಚಲು ಓಡಿ ಬಂದಳು. ಹೊತ್ತು ಮೀರಿತ್ತು. ಬೀಗರು ಚಪ್ಪಲಿ ಮೆಟ್ಟಿಕೊಂಡು ಇಳಿದರು. ಅಕ್ಕ ಬಾಗಿಲವರೆಗೆ ಹೋಗಿ ಗಂಡಿನ ತಾಯಿಗೆ ಕುಂಕುಮ ಕೊಟ್ಟಳು. ಆಕೆ ಹಚ್ಚಿಕೊಂಡರು. ಕಾರು ಬೀದಿಯ ತಿರುವು ದಾಟುವವರೆಗೆ ಅಪ್ಪ ಹೊಸ್ತಿಲಲ್ಲೇ ನಿಂತಿದ್ದರು.

"ಬಿಚ್ಚಿ ಅಕ್ಷತಿ ಹಾಕಿದಾಂವ ನಾನು" ಎಂದರು ಆಮೇಲೆ.

"ಅವರು ಇದ್ದಾಗ ಅನ್ನಬೇಕಿತ್ತಪ್ಪ" ಎಂದಳು ಅಕ್ಕ.