ಅರಿಶಿನದ ಕೊಂಬಿನ ಬರೆ

ಬೆಳಿಗ್ಗೆ ಪಕ್ಕದ ಮನೆಯಿಂದ ಅರಿಶಿನದ ಕೊಂಬು ಸುಟ್ಟ ವಾಸನೆ ಬಂತು. ಅಲ್ಲಿ ಹತ್ತು ದಿನದ ಕೂಸಿದೆ. ಹಲ್ಲುಜ್ಜುತ್ತಿದ್ದವನು ಬಾಯಲ್ಲಿ ನೊರೆ ಇಟ್ಟುಕೊಂಡೇ ಒಳಗೆ ನುಗ್ಗಿ, "ಮಗೂನ ಮುಟ್ಟಬೇಡಿ!" ಎಂದು ಕಿರುಚಿದೆ. ನೋಡಿದರೆ, ಅಜ್ಜಿಯೊಬ್ಬರು ಮೂಗು ಕಟ್ಟಿದ್ದಕ್ಕೆ ಹೊಗೆ ಎಳೆದುಕೊಳ್ಳುತ್ತಿದ್ದರು.

"ಯಾಕ್ ಮೇಷ್ಟ್ರೇ, ಹಿಂಗೆ ಬಂದ್ಬುಟ್ರಿ?"

ನೀವೂ ನಗಬೇಡಿ. ಆ ವಾಸನೆಗೆ ನನ್ನ ಮೈಯೆಲ್ಲ ಉರಿಯುತ್ತದೆ.

ಆರು ವರ್ಷದ ಹಿಂದೆ ಅಕ್ಕನ ಮಗಳು ಸವಿತಾ ಹೆರಿಗೆಗೆಂದು ಬಡವನಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಕೂಸು ಹಾಲು ಬಿಟ್ಟಿತು. ತುಟಿ, ಉಗುರು ನೀಲಿಯಾದವು.

"ಆಸ್ಪತ್ರೆಗೆ ಹೋಗಾನ ಮಾವ," ಎಂದು ಸವಿತಾ ಅತ್ತಳು.

ಅಕ್ಕ ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದಿದ್ದಳು. "ಹನ್ನೊಂದು ದಿನ ಆಗ್ದೆ ಕೂಸು ಹೊಸ್ತಿಲು ದಾಟಂಗಿಲ್ಲ ಕಣಮ್ಮ. ಬಾಲಗ್ರಹ ಇದು, ಒಂದು ಬರೆ ಆಕುದ್ರೆ ಬುಟ್ಟೋಯ್ತದೆ. ಲೇ, ನೀನು ಕಾಲು ಇಡ್ಕೊ."

ನಾನು ಯಾರು ಗೊತ್ತೇ? ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಹೃದಯ ಬರೆದು, ಕವಾಟದ ಹೆಸರು ಹೇಳದ ಮಕ್ಕಳಿಗೆ ಬೆತ್ತ ಬೀಸಿದವನು. ಅಂಥ ಮಹಾಪಂಡಿತ ಕಾಲು ಹಿಡಿದುಕೊಂಡೆ. ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ.

ಮಾರನೆಯ ದಿನ ಉಸಿರು ಎಳೆಯತೊಡಗಿದಾಗ ಬೆಂಗಳೂರಿಗೆ ಓಡಿದೆವು. ಡಾಕ್ಟರಮ್ಮ ಮೊದಲು ನೋಡಿದ್ದು ಹೊಟ್ಟೆಯ ಮೇಲಿನ ಸುಟ್ಟ ಗಾಯವನ್ನು. "ಯಾರು ಮಾಡಿದ್ದು ಇದು?" ನಾನು ಕೂಸಿನ ಬಟ್ಟೆ ಎಳೆದು ಗಾಯ ಮುಚ್ಚಿದೆ.

"ಹೃದಯದ ಒಂದು ಕವಾಟ ಸರಿಯಾಗಿ ತೆರೀತಿಲ್ಲ," ಎಂದರು. "ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ತುದಿಯ ಬಲೂನು ಉಬ್ಬಿಸಿ ಅಗಲ ಮಾಡ್ತೀವಿ. ಎದೆ ಕೊಯ್ಯಲ್ಲ. ನಿನ್ನೆಯೇ ತಂದಿದ್ರೆ ಇಷ್ಟು ಭಯ ಇರ್ತಿರಲಿಲ್ಲ."

ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಕವಾಟವೇ ಅದು. ಸಂಜೆಯ ಹೊತ್ತಿಗೆ ಕೂಸಿನ ತುಟಿ ಕೆಂಪಗಾಗಿತ್ತು.

ಅಕ್ಕ ಇಂದಿಗೂ ನೆಂಟರ ಮುಂದೆ, "ಬರೆ ಆಕಿದ್ದಕ್ಕೆ ಜೀವ ನಿಂತಿತ್ತು, ಆಮ್ಯಾಕೆ ಡಾಕ್ಟ್ರು ಕೈ ಇಟ್ರು" ಎನ್ನುತ್ತಾಳೆ. ಕೇಳಿದಾಗಲೆಲ್ಲ ತಟ್ಟೆ ಎತ್ತಿ ಎಸೆಯೋಣ ಅನ್ನಿಸುತ್ತದೆ. ಎಸೆದಿಲ್ಲ. ಹೊಟ್ಟೆಯ ಕಲೆ ಆಪರೇಶನ್ನಿನಲ್ಲಿ ಡಾಕ್ಟರು ಸುಟ್ಟದ್ದು ಎಂದು ಮಗುವಿಗೆ ಹೇಳಿಕೊಂಡು ಬಂದಿರುವವನು ನಾನೇ. ತೊಡೆಯಲ್ಲಿ ಕೊಳವೆ ಹೋದ ಗುರುತು ಈಗ ಹುಡುಕಿದರೂ ಸಿಗುವುದಿಲ್ಲ.

ಇವತ್ತು ನಾನು ಪಕ್ಕದ ಮನೆಯಿಂದ ಮರಳಿ, ರಜೆಗೆ ಬಂದಿರುವ ಸವಿತಾಳ ಅದೇ ಮಗು, ಈಗ ಆರು ವರ್ಷದ ದೀಕ್ಷಾಳ ಪಾದ ತೊಡೆಯ ಮೇಲಿಟ್ಟುಕೊಂಡು ಚಪ್ಪಲಿಯ ಪಟ್ಟಿ ಹಾಕುತ್ತಿದ್ದೆ.

"ಯಾಕೆ ತಾತ ಅಂಗೆ ಕಿರುಚಿದೆ? ಆ ಪಾಪುಗೂ ನನ್ ಥರಾ ಡಾಕ್ಟ್ರು ಹೊಟ್ಟೆ ಸುಡ್ತಾರಾ?"

ಇನ್ನು ಸುಳ್ಳು ಬಾಯಿಗೆ ಬರಲಿಲ್ಲ.

"ಡಾಕ್ಟ್ರಲ್ಲ ಕಣಮ್ಮ. ಅವರು ಉಳಿಸಿದ್ರು. ಸುಟ್ಟಿದ್ದು ನಿನ್ನಜ್ಜಿ. ಕಾಲು ಹಿಡ್ಕೊಂಡಿದ್ದು ನಾನು."

ಅವಳು ನನ್ನ ಕೈಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಪಾದ ಎಳೆದುಕೊಂಡು, ಚಪ್ಪಲಿಯ ಪಟ್ಟಿ ತಾನೇ ಹಾಕಿಕೊಳ್ಳತೊಡಗಿದಳು.